ಕರಡಿನ ಮೂರನೇ ಕಲಂ

ವಿದ್ಯಾನಗರದ ಸಿವಿಲ್ ಸ್ಟೇಷನ್ನು, ಎರಡನೇ ಮಹಡಿ.
ಕನ್ನಡ ವಿಭಾಗವೆಂದರೆ ನಾನು, ಒಂದು ಫ್ಯಾನು,
'ಳ' ಒತ್ತಿದರೆ 'ಲ' ಬೀಳುವ ಕೀಲಿಮಣೆ.
ತಿರುವನಂತಪುರದಿಂದ ಕುಟುಂಬ ನೀತಿಯ ಕರಡು ಬಂದಿದೆ,
ಮಲಯಾಳದಲ್ಲಿ ನಲವತ್ತೆರಡು ಪುಟ.
ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ತಿಳಿಯಬೇಕಂತೆ
ಅವರ ಮನೆಯಲ್ಲಿ ಯಾರು ಯಾರು ಇರಬಹುದೆಂದು.

ಗಡಿಯ ಮಾತು ಹೀಗೆ:
ಅವರು ಸಂಸಾರ ಅಂದರೆ ಮಾತುಕತೆ.
ನಾವು ಸಂಸಾರ ಅಂದರೆ ಗಂಡ, ಹೆಂಡತಿ, ಮಕ್ಕಳು, ಸಾಲ, ಸಾರು.
ನನಗಿಂತ ಮೊದಲಿದ್ದ ಟೈಪಿಸ್ಟ್ ಹುಡುಗ
ಹನ್ನೊಂದನೇ ಪುಟದಲ್ಲಿ ಇದ್ದದ್ದನ್ನು ಹಾಗೇ ಇಳಿಸಿದ್ದಾನೆ:
"ದಂಪತಿಗಳ ನಡುವೆ ಸಂಸಾರ ಕಡಿಮೆಯಾಗುತ್ತಿರುವುದು ಕಳವಳಕಾರಿ."
ಕೆಂಪು ಪೆನ್ನು ಎತ್ತಿದವಳು ಮತ್ತೆ ಇಟ್ಟುಬಿಟ್ಟೆ.

ಮೂರನೇ ಕಲಮಿಗೆ ಒಂದು ಮನವಿ ಲಗತ್ತಿದೆ.
ಪವಿತ್ರ ಕುಟುಂಬ ಜಾಗೃತಿ ವೇದಿಕೆ, ಬೇಳ. ಆರು ಸಾವಿರ ಸಹಿ.
ಎಲ್ಲಕ್ಕಿಂತ ಕೆಳಗೆ, ಹಸಿರು ಶಾಯಿಯಲ್ಲಿ, ಕಾಯೆತಾನ್ ಕ್ರಾಸ್ತಾ,
ನಿವೃತ್ತ ಪಶು ಪರಿವೀಕ್ಷಕರು.

ಗೊತ್ತು ನನಗೆ ಆ ಕೈ.
ಕಣ್ಯಪ್ಪಾಡಿಯ ಸಾರಾಯಿ ಅಂಗಡಿಗೆ ಬೀಗ ಹಾಕಿಸಿದ ಕೈ.
ಎಮರೆನ್ಸಿ ಬಾಯಿಗೆ ರಾತ್ರಿ ಎದೆ ಹಿಡಿದಾಗ
ದನದ ಔಷಧಿ ಸಾಗಿಸುವ ಜೀಪಿನಲ್ಲಿ ಮಲಗಿಸಿಕೊಂಡು
ಮಂಗಳೂರಿಗೆ ಓಡಿಸಿದ ಕೈ.
ಎಮರೆನ್ಸಿ ಬಾಯಿ ನಮಗೆ ಏನಾಗಬೇಕು?
ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದಳು. ಒಂದು ಜಡಿಮಳೆಗೆ
ಸೂರು ಕುಸಿದು, ಕಿವುಡ ತಮ್ಮ ಲಾದ್ರುವಿನ ಜೊತೆ ಬಂದಳು,
ಮಳೆ ನಿಂತ ಮೇಲೆ ಹೋಗುತ್ತೇನೆ ಅಂದಳು.
ಇಪ್ಪತ್ತಾರು ಮಳೆಗಾಲ ನಿಂತವು.
ನಡುವೆ ಜೆಸಿಂತಾ ಬಂತು, ಒಂಬತ್ತು ತಿಂಗಳ ಕೂಸು,
ಯಾರದು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಅಹವಾಲಿನ ದಿನ ಆಯೋಗದ ಮೂವರು, ಮೂರು ನೀರಿನ ಬಾಟಲಿ.
ವೇದಿಕೆಯವರು ಇಸ್ತ್ರಿಯ ಅಂಗಿ ತೊಟ್ಟು ನಾಲ್ಕು ಸಾಲು.
ಕ್ರಾಸ್ತಾಮಾಮ್ ಕನ್ನಡದಲ್ಲಿ ಹೇಳಿದರು, ನಾನು ಮಲಯಾಳಕ್ಕೆ ತಿರುಗಿಸಿದೆ.
ದುಭಾಷಿಗೆ ತನ್ನದೆಂಬ 'ನಾನು' ಇಲ್ಲ;
ಅವರ 'ನಾನು' ನನ್ನ ಬಾಯಿಂದ ಬರಬೇಕು.
ನಾನು ಹೇಳಿದೆ: ಕುಟುಂಬ ಎಂದರೆ ಒಬ್ಬ ಗಂಡ, ಒಬ್ಬ ಹೆಂಡತಿ,
ಅವರಿಗೆ ದೇವರು ಕೊಟ್ಟ ಮಕ್ಕಳು.
ನಾನು ಹೇಳಿದೆ: ಉಳಿದದ್ದೆಲ್ಲ ಜೊತೆವಾಸ,
ಅದಕ್ಕೆ ಸರ್ಕಾರದ ಸಹಾಯಧನ ಕೂಡದು.
ನನ್ನ ಧ್ವನಿ ನಡುಗಲಿಲ್ಲ. ಉಚ್ಚಾರ ಸ್ವಚ್ಛವಾಗಿದೆ
ಎಂದು ಅಧ್ಯಕ್ಷೆ ಮೆಚ್ಚಿದರು.

ಆಮೇಲೆ ಅವರೇ ಕೇಳಿದರು: ಇಬ್ಬರು ಹೆಂಗಸರು ಕೂಡಿ
ಮಕ್ಕಳನ್ನು ಸಾಕಿದ ಮನೆ ಇದ್ದರೆ, ಅದನ್ನು ಏನೆನ್ನುವುದು?
ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ
ಮಾಮ್ ನನ್ನನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು.
"ಅಂಥವು ಕಡಿಮೆ," ಅಂದರು.
ನಾನು ತಿರುಗಿಸಿದೆ: ಅಂಥವು ಕಡಿಮೆ.

ಕಲಂ ಅವರು ಕೇಳಿದಂತೆಯೇ ಅಚ್ಚಾಯಿತು.
ಕನ್ನಡ ಪ್ರತಿ ನನ್ನದು, ಅಕ್ಷರ ತಪ್ಪಿಲ್ಲ.
ಹನ್ನೊಂದನೇ ಪುಟದ ಸಂಸಾರ ಒಂದು ಬಿಟ್ಟು.

ಸೆಪ್ಟೆಂಬರ್ ಎಂಟು, ಮೊಂತಿ ಹಬ್ಬ.
ಪೂಜೆ ಮುಗಿದು, ಮಕ್ಕಳು ಹೂವು ಎರಚಿ ಮುಗಿದು,
ಇಗರ್ಜಿಯ ಬಾಗಿಲಲ್ಲಿ ಮಂತ್ರಿಸಿದ ತೆನೆ ಹಂಚುವವರು
ಎಂದಿನಂತೆ ಕ್ರಾಸ್ತಾಮಾಮ್.
ಮನೆಗೊಯ್ದು ತಲೆಗೊಂದು ಕಾಳು ಸುಲಿದು
ತೆಂಗಿನ ಹಾಲಿಗೆ ಅರೆಯಬೇಕು. ಹಾಗಾಗಿ
ಅವರು ಎಲ್ಲರನ್ನೂ ಕೇಳುತ್ತಾರೆ: ಘರಾ ಕಿತ್ಲಿಂ ಜಣಾಂ?
ಮನೆಯಲ್ಲಿ ಎಷ್ಟು ಮಂದಿ?
ಇಪ್ಪತ್ತಾರು ವರ್ಷ ಅಮ್ಮ ಐದು ಅಂದಿದ್ದಾಳೆ,
ಇಪ್ಪತ್ತಾರು ವರ್ಷ ಅವರು ಐದಕ್ಕೆ ಸಾಲುವ ತೆನೆ ಕೊಟ್ಟಿದ್ದಾರೆ,
ಯಾವ ಐದು ಎನ್ನದೆ.

ಲಾದ್ರು ಈಗ ಇಗರ್ಜಿಯ ಹಿಂದೆ, ಮಣ್ಣಿನಲ್ಲಿ.
ಎಮರೆನ್ಸಿ ಬಾಯಿ ನನ್ನ ತೋಳು ಹಿಡಿದು ನಿಂತಿದ್ದಾಳೆ.
ಸಾಲು ಸರಿಯಿತು. ಅವರ ಕೈಯಲ್ಲಿ ತೆನೆ.
ಬಾಯಿ ತಪ್ಪಿ, ಅಭ್ಯಾಸಬಲದಿಂದ, ಕೇಳಿಯೇಬಿಟ್ಟರು:
ಘರಾ ಕಿತ್ಲಿಂ ಜಣಾಂ?

ಅಮ್ಮ ನನ್ನ ಕಡೆ ತಿರುಗಿದಳು, ಏನೂ ಅರಿಯದವಳು:
"ನೀನೇ ಹೇಳು ಮಗಾ,
ಆಫೀಸಲ್ಲಿ ಅವರ ಮಾತೆಲ್ಲ ತಿರುಗಿಸುವವಳು ನೀನೇ ಅಲ್ವಾ."